ಮುಖಕ್ಕೆ ಹಚ್ಚುವ ಸಿಬಿಡಿ: ಡಬ್ಬಿಯ ಮೇಲಿನ ಮಾತು, ಡಬ್ಬಿಯೊಳಗಿನ ಸರಕು

ವಾಷಿಂಗ್ಟನ್ ಕಡೆಯಿಂದ ಐ-270 ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೊರಟರೆ ರಾಕ್‌ವಿಲ್, ಗೇಥರ್ಸ್‌ಬರ್ಗ್ ದಾಟಿದ ಮೇಲೆ ಜರ್ಮನ್‌ಟೌನ್ ಸಿಗುತ್ತದೆ. 2020ರ ಜನಗಣತಿಯ ಪ್ರಕಾರ ಇಲ್ಲಿ 91 ಸಾವಿರ ಜನ. ಜನಸಂಖ್ಯೆ ಇಷ್ಟಿದ್ದರೂ ಮೇಯರ್ ಇಲ್ಲ, ನಗರಸಭೆ ಇಲ್ಲ. ಎಲ್ಲ ವಹಿವಾಟೂ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮರಿ ಕೌಂಟಿಯದು. 19ನೇ ಶತಮಾನದಲ್ಲಿ ಜರ್ಮನ್ ರೈತರು ಬಂದು ನೆಲೆಸಿದ್ದರಿಂದ ಊರಿಗೆ ಈ ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಇಲ್ಲಿಗೆ ಬಂತು. ರಾಜಧಾನಿಯ ಮೇಲೆ ಬಾಂಬ್ ಬಿದ್ದರೂ ಇಷ್ಟು ದೂರಕ್ಕೆ ತಟ್ಟಲಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಈಗ ಬಯೋಟೆಕ್ ಕಂಪನಿಗಳು, ಸರ್ಕಾರಿ ಗುತ್ತಿಗೆ ಹಿಡಿದ ಸಾಫ್ಟ್‌ವೇರ್ ಕಂಪನಿಗಳು, ಅವುಗಳ ಸುತ್ತ ಟೌನ್‌ಹೌಸ್‌ಗಳ ಸಾಲು. ಆ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಮನೆ. ಯುಗಾದಿ, ದೀಪಾವಳಿಗೆ ‘ಕಾವೇರಿ’ ಕನ್ನಡ ಸಂಘದ ಕಾರ್ಯಕ್ರಮ, ಹಬ್ಬ-ಹರಕೆಗೆ ಲ್ಯಾನಮ್‌ನ ಶಿವ ವಿಷ್ಣು ದೇವಸ್ಥಾನ.

ನಮ್ಮ ವಿಷಯಕ್ಕೆ ಈ ಕೌಂಟಿ ಬೇಕಾಗಿರುವುದು ಬೇರೆ ಕಾರಣಕ್ಕೆ. ಗಾಂಜಾ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್, ಎಲ್ಲರ ಬಾಯಲ್ಲಿ ಸಿಬಿಡಿ, ಮುಖದ ಕ್ರೀಮು, ಸೀರಮ್ಮು, ತುಟಿಯ ಬಾಮು, ಸ್ನಾನದ ಉಪ್ಪು ಎಂದು ನಾನಾ ವೇಷದಲ್ಲಿ ಇಲ್ಲಿನ ಔಷಧಿ ಅಂಗಡಿಗಳಿಗೆ ಬಂದು ಕೂತಿದೆ. 2019ರ ಮಾರ್ಚ್‌ನಲ್ಲಿ ಸಿವಿಎಸ್ ಔಷಧಿ ಅಂಗಡಿಗಳು ಮೊದಲು ಎಂಟು ರಾಜ್ಯಗಳಲ್ಲಿ ಇಂಥ ಕ್ರೀಮುಗಳ ಮಾರಾಟ ಶುರು ಮಾಡಿದಾಗ ಆ ಎಂಟರಲ್ಲಿ ಮೇರಿಲ್ಯಾಂಡ್ ಒಂದಾಗಿತ್ತು. ಈ ವಸ್ತುವಿನ ವಿಜ್ಞಾನದಲ್ಲಿ ದೊಡ್ಡ ಪಾಲು ನಡೆದದ್ದು ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಎನ್‌ಐಎಚ್‌ನಲ್ಲಿ. ಈ ವಸ್ತುವಿನ ಮಾರಾಟದ ಮೇಲೆ ಕಣ್ಣಿಡಬೇಕಾದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ ಇರುವುದು ಸಿಲ್ವರ್ ಸ್ಪ್ರಿಂಗ್‌ನ ವೈಟ್ ಓಕ್‌ನಲ್ಲಿ. ಪ್ರಯೋಗಾಲಯ, ಕಾವಲು ಕಚೇರಿ, ಅಂಗಡಿ ಮೂರೂ ಒಂದೇ ಕೌಂಟಿಯೊಳಗೆ. ಹಾಗಿದ್ದೂ ಕಪಾಟಿನ ಮುಂದೆ ನಿಂತವರಿಗೆ ಮೊದಲೆರಡರ ಮಾತು ಕೇಳಿಸುವುದಿಲ್ಲ. ಕೇಳಿಸುವುದು ಡಬ್ಬಿಯ ಮಾತೊಂದೇ.

ಡಬ್ಬಿಗೆ ಗಿರಾಕಿ ಸಿಗುವುದೂ ಸುಲಭ. ನವೆಂಬರ್ ಬಂತೆಂದರೆ ಮನೆಮನೆಯಲ್ಲಿ ಹೀಟರ್ ಶುರು. ಒಳಗಿನ ಗಾಳಿ ಒಣಗುತ್ತದೆ, ಕಾಲಿನ ಚರ್ಮದ ಮೇಲೆ ಉಗುರಾಡಿಸಿದರೆ ಬಿಳಿ ಗೀರು, ಹಿಮ್ಮಡಿ ಒಡೆದು ಸಾಕ್ಸಿಗೆ ಸಿಕ್ಕಿಕೊಳ್ಳುತ್ತದೆ. ಆರು ತಿಂಗಳಿಗೆಂದು ಊರಿನಿಂದ ಬಂದ ಅಪ್ಪ-ಅಮ್ಮಂದಿರು ತಂದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ಆಗ ಯಾರೋ ಒಂದು ಡಬ್ಬಿ ತಂದುಕೊಡುತ್ತಾರೆ. “ಏನಮ್ಮಾ ಇದು, ಮೇಲೆ ಗಾಂಜಾ ಎಲೆ ಹಾಕಿದಾರಲ್ಲ!” ಎಂದು ಅತ್ತೆ ಹೌಹಾರುವುದು, “ಇದ್ರಲ್ಲಿ ಅಮಲು ಇರಲ್ಲ ಅತ್ತೆ, ಬರೀ ಸಿಬಿಡಿ” ಎಂದು ಸೊಸೆ ಸಮಾಧಾನ ಮಾಡುವುದು, ಎರಡೂ ಸಹಜ. ಸೊಸೆಯ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗಾಗಿ ಈ ಲೇಖನ.

ಗಾಂಜಾ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ಗುಂಪಿಗೆ ಸೇರಿದ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ತಲೆ ತಿರುಗಿಸುವುದು ಟಿಎಚ್‌ಸಿ. ಸಿಬಿಡಿಗೆ ಆ ಗುಣವಿಲ್ಲ. 1940ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಅದನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಂ ಅದರ ರಚನೆ ಬಿಡಿಸಿ ತೋರಿಸಿದರು. ಕ್ಯಾನಬಿನಾಯ್ಡ್‌ಗಳು ಮೈಯಲ್ಲಿ ಎಲ್ಲಿ ಹೋಗಿ ಕೂಡುತ್ತವೆ ಎಂಬುದು ಗೊತ್ತಾಗಲು ಮತ್ತೆ ಕಾಲು ಶತಮಾನ ಹಿಡಿಯಿತು. 1988ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅವಕ್ಕೊಂದು ಗ್ರಾಹಕ (ರಿಸೆಪ್ಟರ್) ಇರುವುದು ಪತ್ತೆಯಾಯಿತು. 1990ರಲ್ಲಿ ಎನ್‌ಐಎಚ್‌ನ ಭಾಗವಾದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಲೀಸಾ ಮಾತ್ಸುದಾ ಮತ್ತು ಸಂಗಡಿಗರು ಆ ಗ್ರಾಹಕದ ಜೀನನ್ನೇ ಹಿಡಿದರು. 1992ರಲ್ಲಿ ನಮ್ಮ ದೇಹವೇ ಅದೇ ಬಗೆಯ ವಸ್ತುವನ್ನು ತಯಾರಿಸಿಕೊಳ್ಳುತ್ತದೆ ಎಂದು ತಿಳಿಯಿತು. ಮೆಶುಲಂ ತಂಡ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು.

ಮೊದಲು ಮೆದುಳಿನಲ್ಲಿ ಕಂಡ ಈ ವ್ಯವಸ್ಥೆ ಚರ್ಮದಲ್ಲೂ ಇದೆ. ರೋಮದ ಬುಡದಲ್ಲಿ, ಜಿಡ್ಡು ಸ್ರವಿಸುವ ಗ್ರಂಥಿಗಳಲ್ಲಿ, ತುರಿಕೆ-ನೋವು ಒಯ್ಯುವ ನರದ ತುದಿಗಳಲ್ಲಿ, ರೋಗನಿರೋಧಕ ಕೋಶಗಳಲ್ಲಿ ಈ ಗ್ರಾಹಕಗಳಿವೆ. ಹೊರಗಿನಿಂದ ಹಚ್ಚಿದರೆ ಏನಾದರೂ ಉಪಯೋಗವಾದೀತು ಎಂಬ ಊಹೆಗೆ ಬುಡವಿದೆ. ಸಿಬಿಡಿ ಕ್ರೀಮುಗಳನ್ನು ಬರೀ ಬುರುಡೆ ಎಂದು ತಳ್ಳಿಹಾಕುವವರಿಗೆ ಇದು ಗೊತ್ತಿರಬೇಕು.

ಈಗ ಡಬ್ಬಿಗಳ ಮೇಲಿನ ದೊಡ್ಡ ಘೋಷಣೆಗೆ ಬರೋಣ: ‘ವಿಟಮಿನ್ ಸಿ, ವಿಟಮಿನ್ ಇ ಎರಡಕ್ಕಿಂತಲೂ ಬಲವಾದ ಆ್ಯಂಟಿಆಕ್ಸಿಡೆಂಟ್’. ಈ ಮಾತಿನ ಬೇರು ಜರ್ಮನ್‌ಟೌನ್‌ನಿಂದ ಅರ್ಧ ಗಂಟೆ ದೂರದ ಬೆಥೆಸ್ಡಾದಲ್ಲಿದೆ. 1998ರಲ್ಲಿ ಎನ್‌ಐಎಚ್‌ನ ಏಡನ್ ಹ್ಯಾಂಪ್ಸನ್, ಮೌರಿಜಿಯೊ ಗ್ರಿಮಾಲ್ಡಿ, ನೊಬೆಲ್ ಪುರಸ್ಕೃತ ಜೂಲಿಯಸ್ ಆ್ಯಕ್ಸೆಲ್‌ರಾಡ್ ಮತ್ತಿತರರು ಒಂದು ಪ್ರಬಂಧ ಪ್ರಕಟಿಸಿದರು. ಗ್ಲುಟಮೇಟ್ ಸುರಿದು ಸಾಯಿಸುತ್ತಿದ್ದ ನರಕೋಶಗಳನ್ನು ಸಿಬಿಡಿ ಆ ಎರಡು ವಿಟಮಿನ್‌ಗಳಿಗಿಂತ ಚೆನ್ನಾಗಿ ಕಾಪಾಡಿತು ಎಂಬುದು ಅದರ ಸಾರ. ಇದರ ಬೆನ್ನಿಗೇ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಪೇಟೆಂಟ್‌ಗೆ ಅರ್ಜಿ ಹಾಕಿ 2003ರಲ್ಲಿ ಪಡೆದೂ ಪಡೆಯಿತು. ನಂಬರ್ 6630507. ಗಾಂಜಾ ಪರವಾದ ಚಳವಳಿಯವರು ಈ ನಂಬರನ್ನು ಟೀ ಶರ್ಟಿನ ಮೇಲೂ ಅಚ್ಚು ಹಾಕಿಸಿಕೊಂಡರು. ಆದರೆ ಪ್ರಯೋಗ ನಡೆದದ್ದು ಇಲಿಯ ಮೆದುಳಿನ ಕೋಶಗಳ ಮೇಲೆ, ಗಾಜಿನ ತಟ್ಟೆಯಲ್ಲಿ. ಮನುಷ್ಯನ ಕೆನ್ನೆಯ ಮೇಲಲ್ಲ. ತಟ್ಟೆಯಿಂದ ಕೆನ್ನೆಗೆ ಬರುವ ದಾರಿಯಲ್ಲಿ ಎಷ್ಟೋ ಒಳ್ಳೊಳ್ಳೆಯ ಔಷಧಿಗಳು ಮುಗ್ಗರಿಸಿವೆ. ಜಾಹೀರಾತು ಬರೆಯುವವರು ಆ ದಾರಿಯನ್ನೇ ಅಳಿಸಿಬಿಟ್ಟಿದ್ದಾರೆ.

ಮೊಡವೆಯ ಕಥೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. 2014ರಲ್ಲಿ ಹಂಗೆರಿಯ ಡೆಬ್ರೆಸೆನ್‌ನ ತಂಡವೊಂದು ಮನುಷ್ಯನ ಜಿಡ್ಡಿನ ಕೋಶಗಳಿಗೆ ಸಿಬಿಡಿ ಹಾಕಿ ನೋಡಿತು. ಕೋಶಗಳು ಜಿಡ್ಡು ತಯಾರಿಸುವುದನ್ನು ತಗ್ಗಿಸಿದವು, ಉರಿಯೂತದ ಲಕ್ಷಣಗಳೂ ಇಳಿದವು. ಮೊಡವೆಗೆ ಜಿಡ್ಡು ಮತ್ತು ಉರಿಯೂತವೇ ಮೂಲವಾದ್ದರಿಂದ ಚರ್ಮವೈದ್ಯರು ಕಿವಿ ನಿಮಿರಿಸಿದರು. ಬೊಟಾನಿಕ್ಸ್ ಎಂಬ ಆಸ್ಟ್ರೇಲಿಯಾದ ಕಂಪನಿ ಇದನ್ನು ಔಷಧಿಯಾಗಿಸಲು ಹೊರಟು, ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ 300ಕ್ಕೂ ಹೆಚ್ಚು ಜನರ ಮೇಲೆ 12 ವಾರಗಳ ಪರೀಕ್ಷೆ ನಡೆಸಿತು. ಕೆಲವರಿಗೆ ಸಿಬಿಡಿ ಇದ್ದ ದ್ರಾವಣ, ಕೆಲವರಿಗೆ ಸಿಬಿಡಿ ಇಲ್ಲದ ಅದೇ ದ್ರಾವಣ. ಯಾರಿಗೆ ಯಾವುದು ಎಂಬುದು ಯಾರಿಗೂ ಗೊತ್ತಿಲ್ಲ. 2019ರಲ್ಲಿ ಫಲಿತಾಂಶ ಬಂತು. ಸಿಬಿಡಿ ಹಚ್ಚಿಕೊಂಡವರ ಮೊಡವೆ ಕಡಿಮೆಯಾಗಿತ್ತು, ಹಚ್ಚಿಕೊಳ್ಳದವರದೂ ಕಡಿಮೆಯಾಗಿತ್ತು. ಎರಡರ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಆ ದ್ರಾವಣದಲ್ಲಿ ಸಿಬಿಡಿ ಶೇ 5ರವರೆಗೂ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ, ಡಬ್ಬಿಯ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ಸೋರಿಯಾಸಿಸ್, ಎಸ್ಜಿಮಾ, ಗಾಯದ ಕಲೆಗಳಿಗೆ ಇದು ಒಳ್ಳೆಯದು ಎನ್ನುವವರು 2019ರ ಇಟಲಿಯ ಅಧ್ಯಯನವೊಂದನ್ನು ಮುಂದಿಡುತ್ತಾರೆ. ಅದರಲ್ಲಿದ್ದವರು 20 ಮಂದಿ. ಮೂರು ತಿಂಗಳು ದಿನಕ್ಕೆರಡು ಬಾರಿ ಸಿಬಿಡಿ ಮುಲಾಮು ಹಚ್ಚಿಕೊಂಡರು, ಚರ್ಮ ಸುಧಾರಿಸಿತು. ಆದರೆ ಎಲ್ಲ 20 ಮಂದಿಗೂ ಸಿಬಿಡಿ ಮುಲಾಮೇ ಕೊಟ್ಟಿದ್ದರಿಂದ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಒಣಗಿದ ಚರ್ಮಕ್ಕೆ ಮೂರು ತಿಂಗಳು ತಪ್ಪದೆ ಯಾವ ಜಿಡ್ಡಿನ ಮುಲಾಮು ತಿಕ್ಕಿದರೂ ಅಷ್ಟಿಷ್ಟು ಗುಣ ಕಾಣುತ್ತದೆ. ಅದರಲ್ಲಿ ಸಿಬಿಡಿಯ ಪಾಲೆಷ್ಟು, ಮುಲಾಮಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆ ಅಧ್ಯಯನದಿಂದ ಆಗದು.

ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ವಾಷಿಂಗ್ಟನ್‌ನಲ್ಲೇ ನಡೆದ ಒಂದು ಚಿಕ್ಕ ಪ್ರಯೋಗ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚರ್ಮರೋಗ ವಿಭಾಗದ ಮುಖ್ಯಸ್ಥ ಆ್ಯಡಂ ಫ್ರೀಡ್‌ಮನ್ ತಂಡದ್ದು. ಸಿಬಿಡಿಯನ್ನು ಅತಿಸೂಕ್ಷ್ಮ ಕಣಗಳೊಳಗೆ ತುಂಬಿದ ಕ್ರೀಮನ್ನು 19 ಮಂದಿಗೆ 14 ದಿನ ಹಚ್ಚಿಸಿ, ಆಮೇಲೆ ಆ ಜಾಗಕ್ಕೆ ಅತಿನೇರಳೆ ಕಿರಣ ಹಾಯಿಸಿದರು. ಕೆಲವರಲ್ಲಿ ಚರ್ಮ ಕೆಂಪಾಗುವುದು ಕಡಿಮೆಯಾಯಿತು, ಡಿಎನ್‌ಎ ಹಾನಿಯ ಗುರುತುಗಳೂ ಕಡಿಮೆ. ಪಕ್ಕದಲ್ಲೇ ಸಿಬಿಡಿ ಇಲ್ಲದ ಕ್ರೀಮನ್ನೂ ಹಚ್ಚಿ ಹೋಲಿಸಿದ್ದರಿಂದ ಈ ಪ್ರಯೋಗಕ್ಕೆ ತೂಕವಿದೆ. ಆದರೂ 19 ಮಂದಿ 19 ಮಂದಿಯೇ. ಅತಿಸೂಕ್ಷ್ಮ ಕಣಗಳ ಗೊಡವೆ ಏಕೆ ಬಂತು ಎಂದರೆ ಸಿಬಿಡಿ ಎಣ್ಣೆಯ ಜಾತಿಯದು, ನೀರೆಂದರೆ ದೂರ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳ ನಡುವಿನ ಜಿಡ್ಡಿನಲ್ಲೇ ಸಿಕ್ಕಿಕೊಂಡು ಕೂತುಬಿಡುತ್ತದೆ, ಕೆಳಗಿಳಿಯುವುದು ಕಷ್ಟ. ಸಾಲದ್ದಕ್ಕೆ ಬೆಳಕು, ಗಾಳಿ ತಾಗಿದರೆ ಕೆಡುತ್ತದೆ. ತಳದವರೆಗೂ ಕಾಣುವ ಗಾಜಿನ ಬಾಟಲಿಯಲ್ಲಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತ ಸೀರಮ್ಮಿನಲ್ಲಿ ಏನು ಉಳಿದೀತು ಎಂದು ನೀವೇ ಯೋಚಿಸಿ.

ನಮ್ಮವರು ಕೇಳಲೇಬೇಕಾದ ಇನ್ನೊಂದು ಸಂಗತಿ ಬಣ್ಣದ್ದು. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ, ಬಸುರಿನ ಸಮಯದಲ್ಲಿ ಬಂದು ಕೆನ್ನೆಯ ಮೇಲೆ ನಿಂತುಬಿಡುವ ಬಂಗು, ನಮ್ಮ ಮೈಬಣ್ಣದವರಿಗೆ ದೊಡ್ಡ ಚಿಂತೆ. ಇವನ್ನು ಸಿಬಿಡಿ ತಿಳಿಗೊಳಿಸುತ್ತದೆ ಎಂದು ನಂಬಿ ಕೊಳ್ಳುವವರಿದ್ದಾರೆ. 2017ರಲ್ಲಿ ಪ್ರಕಟವಾದ ಕೋಶಪ್ರಯೋಗವೊಂದರಲ್ಲಿ ಆದದ್ದು ತದ್ವಿರುದ್ಧ. ಬಣ್ಣ ತಯಾರಿಸುವ ಮನುಷ್ಯ ಕೋಶಗಳಿಗೆ ಸಿಬಿಡಿ ತಾಗಿದಾಗ ಅವು ಮೆಲನಿನ್ ಹೆಚ್ಚಿಸಿದವು. ತಟ್ಟೆಯ ಪ್ರಯೋಗವನ್ನು ಕೆನ್ನೆಗೆ ನೇರ ಅನ್ವಯಿಸಬಾರದು ಎಂದು ಈಗಷ್ಟೇ ಹೇಳಿದ್ದೇನೆ, ಆ ನಿಯಮ ಇಲ್ಲಿಗೂ ಅನ್ವಯ. ಆದರೆ ಕಲೆ ಹೋಗಿಸಲು ಇದನ್ನು ಕೊಳ್ಳುವುದಕ್ಕೆ ಆಧಾರವಿಲ್ಲ ಎಂಬುದಂತೂ ಖರೆ.

ಇದು ಸಿಬಿಡಿಯ ಮಾತಾಯಿತು. ಡಬ್ಬಿಯೊಳಗೆ ಸಿಬಿಡಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಇದಕ್ಕೂ ಉತ್ತರ ಕೊಟ್ಟಿದ್ದು ಮೇರಿಲ್ಯಾಂಡೇ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಬೇಸಿಗೆಯಲ್ಲಿ ಊರಿನ ಅಂಗಡಿಗಳಿಂದ, ಆನ್‌ಲೈನ್‌ನಿಂದ ಮೈಗೆ ಹಚ್ಚುವ 105 ಸಿಬಿಡಿ ಉತ್ಪನ್ನಗಳನ್ನು ಕೊಂಡು ತಂದು ಪರೀಕ್ಷೆ ಮಾಡಿಸಿದರು. 2022ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಇಷ್ಟು ಮಿಲಿಗ್ರಾಂ ಸಿಬಿಡಿ ಇದೆ ಎಂದು ಬರೆದುಕೊಂಡಿದ್ದವು 89. ಅದರಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಾದದ್ದು 21 ಮಾತ್ರ. 16ರಲ್ಲಿ ಹೇಳಿದ್ದಕ್ಕಿಂತ ಕಡಿಮೆ, 52ರಲ್ಲಿ ಹೇಳಿದ್ದಕ್ಕಿಂತ ಹೆಚ್ಚು. ಹೆಚ್ಚು ಸಿಕ್ಕರೆ ಲಾಭವಲ್ಲವೇ ಎನ್ನಬೇಡಿ. ಅಳತೆ ಗೊತ್ತಿಲ್ಲದ ಕೈಯಲ್ಲಿ ಮಾಡಿದ ಸರಕು ಎಂಬುದಕ್ಕೆ ಎರಡೂ ಒಂದೇ ಸಾಕ್ಷಿ. 105ರಲ್ಲಿ 37ರೊಳಗೆ ಟಿಎಚ್‌ಸಿ ಸಿಕ್ಕಿತು. ಆ ಪೈಕಿ ನಾಲ್ಕರ ಮೇಲೆ ‘ಟಿಎಚ್‌ಸಿ ಇಲ್ಲ’ ಎಂದು ಅಚ್ಚಾಗಿತ್ತು, 19ರ ಮೇಲೆ ಅದರ ಸೊಲ್ಲೇ ಇರಲಿಲ್ಲ. ಸೊಸೆ ಹೇಳಿದ ಮಾತಿನ ಆ ಉಳಿದ ಕಾಲು ಪಾಲು ಇದು.

ಒಂದು ಡಬ್ಬಿಯನ್ನು ಕೈಗೆತ್ತಿಕೊಂಡು ನೋಡೋಣ. 50 ಗ್ರಾಮಿನ ಕ್ರೀಮು, ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘500 ಎಂಜಿ’. ಅಂದರೆ ಶೇ 1. ಮೊಡವೆಯ ಪರೀಕ್ಷೆಯಲ್ಲಿ ಸೋತ ದ್ರಾವಣದ ಐದನೇ ಒಂದು ಭಾಗ. ಅದೂ 500 ಎಂಬುದು ಸಿಬಿಡಿಯ ತೂಕವೇ ಆಗಿದ್ದರೆ. ಎಷ್ಟೋ ಡಬ್ಬಿಗಳಲ್ಲಿ ಅದು ‘ಹೆಂಪ್ ಎಕ್ಸ್‌ಟ್ರ್ಯಾಕ್ಟ್’ ತೂಕ, ಅದರಲ್ಲಿ ಸಿಬಿಡಿ ಎಷ್ಟೆಂದು ಬೇರೆ ಕೇಳಬೇಕು. ಡಬ್ಬಿ ತಿರುಗಿಸಿ. ಹಿಂದೆ ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ: ಮೊದಲು ನೀರು, ಆಮೇಲೆ ಗ್ಲಿಸರಿನ್, ಯಾವುದೋ ಎಣ್ಣೆ, ಮೇಣ. ಅಲ್ಲಿ ‘ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್’ ಎಂದಷ್ಟೇ ಇದ್ದರೆ ಅದು ಬೀಜದ ಎಣ್ಣೆ. ಅಡುಗೆಗೂ ಬಳಸುವ, ಲಿನೋಲಿಕ್ ಆಮ್ಲ ಧಾರಾಳವಾಗಿರುವ ಒಳ್ಳೆಯ ಎಣ್ಣೆ. ಆದರೆ ಅದರಲ್ಲಿ ಸಿಬಿಡಿ ಇಲ್ಲವೆಂದೇ ಹೇಳಬೇಕು. ಎಲೆಯ ಚಿತ್ರ ಹಾಕಿ ಬೀಜದ ಎಣ್ಣೆ ಮಾರುವುದು ಈ ವ್ಯಾಪಾರದ ಹಳೇ ಚಾಳಿ. ‘ಕ್ಯಾನಬಿಡಿಯಾಲ್’ ಎಂಬ ಹೆಸರು ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಯ ತುದಿಯಲ್ಲಿದೆ ಎಂದು ಗಾಬರಿಯಾಗಬೇಕಿಲ್ಲ. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವ ಪದಾರ್ಥಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಲು ಅಮೆರಿಕದ ನಿಯಮ ಅವಕಾಶ ಕೊಟ್ಟಿದೆ.

ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಇರುತ್ತದೆ. ಫೋನ್ ಹಿಡಿದರೆ ಪ್ರಯೋಗಾಲಯದ ಪ್ರಮಾಣಪತ್ರ ತೆರೆದುಕೊಳ್ಳಬೇಕು. ಕಂಪನಿಯ ಮುಖಪುಟ ತೆರೆದುಕೊಂಡರೆ ಡಬ್ಬಿ ಕೆಳಗಿಡಿ. ಪತ್ರ ಬಂದರೆ ಮೂರು ವಿಷಯ ನೋಡಿದರೆ ಸಾಕು. ಪತ್ರದ ಬ್ಯಾಚ್ ನಂಬರೂ ಡಬ್ಬಿಯ ತಳದ ನಂಬರೂ ಒಂದೇ ಇದೆಯೇ, ಪರೀಕ್ಷೆ ನಡೆದ ದಿನಾಂಕ ಯಾವುದು, ಟಿಎಚ್‌ಸಿಯ ಸಾಲಿನಲ್ಲಿ ಏನಿದೆ. ಆ ಸಾಲಿನಲ್ಲಿ ‘ಎನ್‌ಡಿ’ ಎಂದಿದ್ದರೆ ಯಂತ್ರಕ್ಕೆ ಸಿಗಲಿಲ್ಲ ಎಂದು ಅರ್ಥವೇ ಹೊರತು ಸೊನ್ನೆ ಎಂದಲ್ಲ. ಪಕ್ಕದ ಕಾಲಂನಲ್ಲಿ ಯಂತ್ರದ ಅಳತೆಯ ಮಿತಿ ಇರುತ್ತದೆ, ಅದನ್ನೂ ಓದಿ. ಕೀಟನಾಶಕ, ಸೀಸ, ಬೂಷ್ಟಿನ ಪರೀಕ್ಷೆಯೂ ಇದ್ದರೆ ಇನ್ನೂ ಒಳ್ಳೆಯದು. ಗಾಂಜಾ ಗಿಡ ಮಣ್ಣಿನಲ್ಲಿರುವ ಲೋಹವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಇಷ್ಟೆಲ್ಲ ಗ್ರಾಹಕರೇ ಮಾಡಬೇಕೇ, ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬಹುದು. 2018ರ ಡಿಸೆಂಬರ್‌ನಲ್ಲಿ ಬಂದ ಕೃಷಿ ಕಾಯ್ದೆ, ಶೇ 0.3ಕ್ಕಿಂತ ಹೆಚ್ಚು ಟಿಎಚ್‌ಸಿ ಇಲ್ಲದ ಗಾಂಜಾ ಗಿಡವನ್ನು ಹೆಂಪ್ ಎಂದು ಕರೆದು ನಿಷೇಧದಿಂದ ಹೊರಗಿಟ್ಟಿತು. ಸಿಬಿಡಿಯನ್ನು ಆಹಾರಕ್ಕೆ ಬೆರೆಸಿ ಮಾರಬಾರದು ಎಂದು ಎಫ್‌ಡಿಎ ಪಟ್ಟು ಹಿಡಿದಿದೆ, ಏಕೆಂದರೆ ಅದೇ 2018ರಲ್ಲಿ ಮಕ್ಕಳ ಅಪಸ್ಮಾರಕ್ಕೆ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ಔಷಧಿಗೆ ಒಪ್ಪಿಗೆ ಕೊಟ್ಟಾಗಿತ್ತು. ಸೌಂದರ್ಯವರ್ಧಕಗಳ ವಿಷಯದಲ್ಲಿ ಮಾತ್ರ ಅದರ ಕೈ ಸಡಿಲ. ಬಣ್ಣದ ವಸ್ತುಗಳನ್ನು ಬಿಟ್ಟರೆ ಕ್ರೀಮಿನಲ್ಲಿ ಏನು ಹಾಕಲೂ ಮುಂಚೆ ಒಪ್ಪಿಗೆ ಬೇಕಿಲ್ಲ. ಮಾರುವವರ ಬಾಯಿಯ ಮೇಲಷ್ಟೇ ಕಡಿವಾಣ. ‘ಚರ್ಮ ಮೃದುವಾಗುತ್ತದೆ’ ಎಂದರೆ ಅದು ಕ್ರೀಮು, ‘ಎಸ್ಜಿಮಾ ವಾಸಿಯಾಗುತ್ತದೆ’ ಎಂದರೆ ಔಷಧಿ, ಆಗ ಒಪ್ಪಿಗೆ ಬೇಕು. 2019ರ ನವೆಂಬರ್‌ನಲ್ಲಿ 15 ಕಂಪನಿಗಳಿಗೆ ಎಫ್‌ಡಿಎ ಎಚ್ಚರಿಕೆಯ ಪತ್ರ ಬರೆಯಿತು. ಹಾಪ್ಕಿನ್ಸ್ ಪರೀಕ್ಷಿಸಿದ 105ರಲ್ಲಿ 29 ಆಗಲೂ ಇಂಥ ರೋಗನಿವಾರಣೆಯ ಮಾತು ಆಡುತ್ತಿದ್ದವು. ಪತ್ರಕ್ಕೆ ಎಷ್ಟು ಹೆದರಿದರು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈಗ ಕಾಯ್ದೆಯೇ ಬದಲಾಗಿದೆ. 2025ರ ನವೆಂಬರ್ 12ರಂದು ಸಹಿಯಾದ ಅನುದಾನ ಮಸೂದೆಯೊಳಗೆ ಹೆಂಪ್‌ನ ಹೊಸ ವ್ಯಾಖ್ಯೆಯೂ ಸೇರಿಕೊಂಡು ಬಂತು. ಒಂದು ವರ್ಷ ಕಳೆದ ಮೇಲೆ, ಒಂದು ಡಬ್ಬಿಯಲ್ಲಿ ಒಟ್ಟು ಟಿಎಚ್‌ಸಿ 0.4 ಮಿಲಿಗ್ರಾಂ ದಾಟಬಾರದು. ತಿನ್ನುವುದು, ಸೇದುವುದು, ಹಚ್ಚುವುದು ಎಲ್ಲಕ್ಕೂ ಇದೇ ಮಿತಿ. ಲೆಕ್ಕ ಹಾಕಿ: 50 ಗ್ರಾಮಿನ ಕ್ರೀಮಿಗೆ ಹಳೆಯ ಶೇ 0.3ರ ಅಳತೆ ಹಿಡಿದರೆ 150 ಮಿಲಿಗ್ರಾಂ ಟಿಎಚ್‌ಸಿಗೆ ಜಾಗವಿತ್ತು. 150 ಎಲ್ಲಿ, 0.4 ಎಲ್ಲಿ? ಇಡೀ ಗಿಡದ ಸಾರ ಬೆರೆಸಿದ ‘ಫುಲ್ ಸ್ಪೆಕ್ಟ್ರಂ’ ಕ್ರೀಮುಗಳು ಈ ಮಿತಿಯೊಳಗೆ ನಿಲ್ಲುವುದು ಬಲು ಕಷ್ಟ. ಶುದ್ಧ ಸಿಬಿಡಿ ಮಾತ್ರ ಇರುವ ‘ಐಸೊಲೇಟ್’ ಬಗೆಯವು ಬದುಕಿಕೊಳ್ಳಬಹುದು. ಮಿತಿ ದಾಟಿದ ಸರಕನ್ನು ಖಾಲಿ ಮಾಡಲು ಅರ್ಧ ಬೆಲೆಯ ಮಾರಾಟ ಕಂಡರೆ ಆಶ್ಚರ್ಯಪಡಬೇಡಿ, ಆಸೆಯನ್ನೂ ಪಡಬೇಡಿ.

ಚರ್ಮಕ್ಕೆ ಸಿಬಿಡಿಯಿಂದ ದೊಡ್ಡ ಅಪಾಯ ಕಂಡುಬಂದಿಲ್ಲ. ದದ್ದು, ತುರಿಕೆ ಬಂದರೆ ಎಷ್ಟೋ ಸಲ ಅದಕ್ಕೆ ಕಾರಣ ಜೊತೆಗಿರುವ ಸುಗಂಧದ ಎಣ್ಣೆಗಳು. ಬಸುರಿ-ಬಾಣಂತಿಯರು ಯಾವ ರೂಪದಲ್ಲೂ ಬಳಸಬೇಡಿ ಎಂದು ಎಫ್‌ಡಿಎ ಹೇಳಿದೆ. ಆದರೆ ಜರ್ಮನ್‌ಟೌನ್‌ನಂಥ ಊರಿನ ಕನ್ನಡದ ಮನೆಗಳಿಗೆ ನಿಜವಾದ ಅಪಾಯ ಚರ್ಮದ್ದಲ್ಲ, ಕಾಗದಪತ್ರದ್ದು. ಮೇರಿಲ್ಯಾಂಡ್‌ನಲ್ಲಿ 2023ರ ಜುಲೈ 1ರಿಂದ 21 ತುಂಬಿದವರಿಗೆ ಗಾಂಜಾ ಮುಕ್ತ. ಪರವಾನಗಿ ಪಡೆದ ಅಂಗಡಿಗಳಲ್ಲಿ ಟಿಎಚ್‌ಸಿ ಇರುವ ಬಾಮು, ಲೋಷನ್ನುಗಳೂ ಸಿಗುತ್ತವೆ. ರಾಜ್ಯಕ್ಕೆ ತಕರಾರಿಲ್ಲ, ಕೇಂದ್ರಕ್ಕಿದೆ. ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಸ್ಪಷ್ಟ ಮಾಡಿದೆ: ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾ ವ್ಯವಹಾರ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು. ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರು ಒಂದು ಬಾಮಿಗಾಗಿ ಆ ಅಂಗಡಿಯ ಮೆಟ್ಟಿಲು ಹತ್ತುವುದು ಜಾಣತನವಲ್ಲ. ಸರ್ಕಾರಿ ಗುತ್ತಿಗೆಯ ಕೆಲಸದಲ್ಲಿ ಮೂತ್ರಪರೀಕ್ಷೆ ಎದುರಿಸುವವರ ಕಥೆಯೂ ಇದೇ. ಹಚ್ಚಿದ ಕ್ರೀಮಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ನಿಜ. ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ‘ನಾನು ಬಳಸಿದ್ದು ಸಿಬಿಡಿ ಅಷ್ಟೇ’ ಎಂಬ ಸಮಜಾಯಿಷಿ ನಡೆಯದು ಎಂದು ಅಮೆರಿಕದ ಸಾರಿಗೆ ಇಲಾಖೆ ತನ್ನ ವ್ಯಾಪ್ತಿಯ ನೌಕರರಿಗೆ 2020ರಲ್ಲೇ ತಿಳಿಸಿದೆ.

ಅದಕ್ಕಿಂತ ದೊಡ್ಡದು ಪ್ರಯಾಣದ ತೊಡಕು. ಊರಿಗೆ ಹೊರಟಾಗ ಅಕ್ಕನಿಗೆ, ಅತ್ತಿಗೆಗೆ ಎಂದು ಕ್ರೀಮು-ಲೋಷನ್ ತುಂಬಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಡಲಸ್ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ದುಬೈ ಮೇಲೆ ಹೋಗುವವರು ಬಹಳ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಿಬಿಡಿ ಉತ್ಪನ್ನಗಳಿಗೆ ಅವಕಾಶವಿಲ್ಲ. ಹಾಂಗ್‌ಕಾಂಗ್ 2023ರ ಫೆಬ್ರುವರಿ 1ರಿಂದ ಸಿಬಿಡಿಯನ್ನು ಅಪಾಯಕಾರಿ ಮಾದಕವಸ್ತುಗಳ ಪಟ್ಟಿಗೆ ಸೇರಿಸಿತು, ಮುಖದ ಕ್ರೀಮಿಗೂ ವಿನಾಯಿತಿ ಇಲ್ಲ, ಇಟ್ಟುಕೊಂಡರೆ ಏಳು ವರ್ಷದವರೆಗೆ ಜೈಲು. ಇನ್ನು ನಮ್ಮ ದೇಶದ 1985ರ ಮಾದಕವಸ್ತು ಕಾಯ್ದೆ ಗಿಡವನ್ನು ಭಾಗ ಮಾಡಿ ನೋಡುತ್ತದೆ. ಹೂವಿನ ತುದಿ ಗಾಂಜಾ, ಅಂಟು ಚರಸ್, ಎರಡಕ್ಕೂ ನಿಷೇಧ. ತುದಿಯಿಲ್ಲದ ಎಲೆ ಮತ್ತು ಬೀಜ ಹೊರಗೆ. ಭಂಗಿಯನ್ನು ಈ ಕಾಯ್ದೆಯಲ್ಲಿ ನಿಷೇಧಿತ ವಸ್ತು ಎಂದು ಹೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಬೆಂಗಳೂರಿನ ಜಾಮೀನು ಪ್ರಕರಣವೊಂದರಲ್ಲಿ ಹೇಳಿದ್ದು ಈ ಆಧಾರದ ಮೇಲೆ. ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟದ್ದೂ ಹಾಗೆಯೇ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗುವುದು, ಬೆಂಗಳೂರಿನಲ್ಲಿ ಆಯುರ್ವೇದದ ಪರವಾನಗಿಯಡಿ ‘ವಿಜಯಾ’ ಎಣ್ಣೆ ಮಾರಾಟವಾಗುವುದು, ಅದೇ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಂಜಾ ಸಿಕ್ಕವರು ಜೈಲಿಗೆ ಹೋಗುವುದು ಎಲ್ಲವೂ ಒಂದೇ ರಾಜ್ಯದಲ್ಲಿ ನಡೆಯುತ್ತಿದೆ. ಅಮೆರಿಕದ ಸಿಬಿಡಿ ಬಹುಪಾಲು ಹೂವಿನ ತುದಿಯಿಂದಲೇ ತೆಗೆದದ್ದು. ಕಸ್ಟಮ್ಸ್ ಅಧಿಕಾರಿಯ ಮುಂದೆ ನಿಂತು ಗಿಡದ ಯಾವ ಭಾಗ ಎಂದು ವಾದಿಸುವ ಪ್ರಸಂಗ ತಂದುಕೊಳ್ಳದಿರುವುದೇ ಮೇಲು.

ಹಾಗಾದರೆ ಹಚ್ಚಬೇಕೋ ಬೇಡವೋ? ಒಣಚರ್ಮಕ್ಕೆ ಸ್ನಾನ ಮಾಡಿ ಮೈ ಒದ್ದೆಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಸುಗಂಧವಿಲ್ಲದ ದಪ್ಪ ಕ್ರೀಮು ಸಾಕು, ಸಿಬಿಡಿ ಡಬ್ಬಿಯ ಬೆಲೆಯಲ್ಲಿ ಇಡೀ ಚಳಿಗಾಲ ಕಳೆಯಬಹುದು. ಮೊಡವೆಗೆ ಅಡಾಪಲೀನ್ ಇದೆ, 2016ರಿಂದ ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ, ಪರೀಕ್ಷೆಯಲ್ಲಿ ಗೆದ್ದು ಬಂದದ್ದು. ಕಪ್ಪು ಕಲೆಗೆ ಮೊದಲ ಮದ್ದು ಸನ್‌ಸ್ಕ್ರೀನ್. ಸೋರಿಯಾಸಿಸ್, ಎಸ್ಜಿಮಾಗೆ ವೈದ್ಯರು. ಇಷ್ಟಾದ ಮೇಲೂ ಸಿಬಿಡಿಯ ಕ್ರೀಮು ಹಿತವೆನಿಸಿದರೆ, ಪ್ರಮಾಣಪತ್ರ ತಾಳೆ ನೋಡಿ, ಐಸೊಲೇಟ್ ಬಗೆಯದನ್ನು ಕೊಂಡು, ಮೊಣಕೈ ಮಡಿಚುವಲ್ಲಿ ಎರಡು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ ಬಳಸಿ. ಕೊಂಡದ್ದು ಮಾಯಿಶ್ಚರೈಸರ್ ಎಂಬುದು ಮನಸ್ಸಿನಲ್ಲಿರಲಿ.

ಹಚ್ಚಿದಲ್ಲಿ ಉರಿ, ದದ್ದು ಎದ್ದರೆ ಡಬ್ಬಿಯನ್ನು ಕಸಕ್ಕೆ ಎಸೆದು ಸುಮ್ಮನಾಗಬೇಡಿ. 2022ರ ಕೊನೆಯಲ್ಲಿ ಬಂದ ಸೌಂದರ್ಯವರ್ಧಕಗಳ ಕಾಯ್ದೆಯಂತೆ, ದೂರು ತಿಳಿಸಲು ವಿಳಾಸವನ್ನೋ ಫೋನನ್ನೋ ಕಂಪನಿ ಡಬ್ಬಿಯ ಮೇಲೆ ಕೊಡಬೇಕು, ಗಂಭೀರ ತೊಂದರೆಯ ವರದಿಯನ್ನು 15 ಕೆಲಸದ ದಿನಗಳೊಳಗೆ ಎಫ್‌ಡಿಎಗೆ ಮುಟ್ಟಿಸಬೇಕು. ಬ್ಯಾಚ್ ನಂಬರ್ ಕಾಣುವಂತೆ ಒಂದು ಫೋಟೋ ತೆಗೆದುಕೊಂಡು ಕಂಪನಿಗೆ ಬರೆಯಿರಿ, ಎಫ್‌ಡಿಎಯ ದೂರು ವ್ಯವಸ್ಥೆಯಾದ ಮೆಡ್‌ವಾಚ್‌ಗೆ ನೀವೇ ನೇರವಾಗಿಯೂ ತಿಳಿಸಿ.